ಕಾಲಿಗಿಟ್ಟ ದಿಂಬು

ಭದ್ರಾವತಿಯ ಓಲ್ಡ್ ಟೌನಿನ ಟೈಲರ್ ಷಡಕ್ಷರಪ್ಪ ಕಾಲು ಮುರಿದುಕೊಂಡದ್ದು ಭುಜದ ಅಳತೆ ತೆಗೆಯಲು ಹೋಗಿ. ಭುಜ ಜಯಪ್ಪನದು. ಕಬ್ಬಿಣದ ಕಾರ್ಖಾನೆಯಲ್ಲಿ ಕ್ರೇನ್ ನಡೆಸುವ ಜಯಪ್ಪ ಎಲ್ಲರ ಮನೆ ಬಾಗಿಲಲ್ಲೂ ತಲೆ ತಗ್ಗಿಸಿಯೇ ಒಳಗೆ ಬರುವ ಆಳು. ಷಡಕ್ಷರಪ್ಪ ಅವನ ಎದೆಯ ಮಟ್ಟಕ್ಕೆ ಬಂದರೆ ಹೆಚ್ಚು. ಮದುವೆ ಕೋಟಿನ ಅಳತೆ ಅದು. ಕೂತುಕೋ ಮಾರಾಯ ಅಂದಿದ್ದರೆ ಮುಗಿದು ಹೋಗುತ್ತಿತ್ತು. ಆದರೆ ಕೂತವನ ಭುಜಕ್ಕೂ ನಿಂತವನ ಭುಜಕ್ಕೂ ಕಾಲಿಂಚು ವ್ಯತ್ಯಾಸ ಬರುತ್ತದೆಂದು ಇಪ್ಪತ್ತೆಂಟು ವರ್ಷದಿಂದ ಊರಿಗೆಲ್ಲ ಸಾರುತ್ತ ಬಂದವನು ಆತ. ಸೋಪಿನ ಖಾಲಿ ಪೆಟ್ಟಿಗೆಯನ್ನು ಎಳೆದು ಅದರ ಮೇಲೆ ಹತ್ತಿದ. ಪೆಟ್ಟಿಗೆ ಮಗುಚಿತು. ಟೇಪು ಜಯಪ್ಪನ ಕೊರಳಲ್ಲೇ ನೇತಾಡುತ್ತಿತ್ತು, ಟೈಲರು ಮಾತ್ರ ನೆಲದ ಮೇಲಿದ್ದ.

ಅದು ಐವತ್ತೊಂಬತ್ತನೇ ಇಸವಿಯ ಮಾರ್ಚ್ ತಿಂಗಳು. ಬಲಗಾಲಿನ ಗಿಣ್ಣು ಎರಡು ಕಡೆ ಮುರಿದಿತ್ತು. ಜಯಪ್ಪನೇ ಅವನನ್ನು ಮಗುವಿನ ಹಾಗೆ ಎತ್ತಿಕೊಂಡು ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದ. ಡಾಕ್ಟರ್ ಶ್ರೀನಿವಾಸಮೂರ್ತಿ ಆಪರೇಷನ್ ಮಾಡಿ, ಮೂಳೆಗೆ ಒಂದು ಸ್ಕ್ರೂ ಕೂರಿಸಿ, ಮೊಣಕಾಲಿನವರೆಗೂ ಪ್ಲಾಸ್ಟರ್ ಹಾಕಿದರು. ಆರು ವಾರ ಆ ಕಾಲು ನೆಲ ಮುಟ್ಟಬಾರದು, ಮಲಗಿದಾಗ ದಿಂಬಿನ ಮೇಲಿರಬೇಕು, ಮಾತು ಮೀರಿದರೆ ಮತ್ತೆ ಕೊಯ್ಯಬೇಕಾಗುತ್ತದೆ ಎಂದು ಖಡಾಖಂಡಿತವಾಗಿ ಹೇಳಿ ಮನೆಗೆ ಕಳಿಸಿದರು.

ಮನೆಗೆ ಬಂದ ಮೂರನೇ ದಿನವೇ ಷಡಕ್ಷರಪ್ಪ ಮಾತು ಮೀರಿದ. ಮುಂದಿನ ಕೋಣೆಯೇ ಅಂಗಡಿ, ಅಲ್ಲೇ ಅವನ ಹಾಸಿಗೆ, ಎದುರಿಗೇ ಮಷೀನು. ಮದುವೆಗಳ ಕಾಲ, ಬಟ್ಟೆಯ ಗಂಟುಗಳು ಗೋಡೆಯುದ್ದಕ್ಕೂ ಕೂತು ಅವನನ್ನೇ ನೋಡುತ್ತಿದ್ದವು. ಪ್ಲಾಸ್ಟರಿನ ಕಾಲನ್ನು ಸ್ಟೂಲಿನ ಮೇಲಿಟ್ಟು ಎಡಗಾಲಿನಿಂದ ಪೆಡಲ್ ತುಳಿಯಲು ಹೋದ. ಸ್ಟೂಲು ವಾಲಿತು. ಮಷೀನಿನ ಹಲಗೆ ಕೈಗೆ ಸಿಕ್ಕಿದ್ದರಿಂದ ಬಚಾವಾದ. ಆ ಹೊತ್ತಿಗೇ ನೀರಿನ ಕೊಡ ಹೊತ್ತು ಒಳಗೆ ಬಂದ ಹೆಂಡತಿ ಜಗದಾಂಬ ಇದನ್ನೆಲ್ಲ ಕಂಡಳು. ಬೈಯಲಿಲ್ಲ. ಆದರೆ ಅವನು ಊಟ ಮಾಡಿ ಒಂದು ನಿದ್ದೆ ತೆಗೆದು ಏಳುವಷ್ಟರಲ್ಲಿ ಮಷೀನಿನ ಬೆಲ್ಟು ಮಾಯವಾಗಿತ್ತು. ಕೆಳಗಿನ ದೊಡ್ಡ ಚಕ್ರಕ್ಕೂ ಮೇಲಿನ ಸಣ್ಣ ಚಕ್ರಕ್ಕೂ ಸುತ್ತುವ ಆ ತೊಗಲಿನ ಬೆಲ್ಟು ಇಲ್ಲದಿದ್ದರೆ ಎಷ್ಟು ತುಳಿದರೂ ಸೂಜಿ ಅಲುಗುವುದಿಲ್ಲ.

ಕೇಳಿದರೆ ಅವಳದು ಒಂದೇ ಉತ್ತರ, ಡಾಕ್ಟರು ಹೂಂ ಅಂದ ದಿನ ಕೊಡುತ್ತೇನೆ. ಅವಳು ನೀರಿಗೆ ಹೋದಾಗಲೆಲ್ಲ ಷಡಕ್ಷರಪ್ಪ ಕೂತಲ್ಲೇ ತೆವಳಿಕೊಂಡು ಹುಡುಕಿದ. ಅಕ್ಕಿ ಡಬ್ಬಕ್ಕೆ ಕೈ ಹಾಕಿದ, ಒಲೆಯ ಹಿಂದೆ ಬಗ್ಗಿ ನೋಡಿದ, ದೇವರ ಗೂಡನ್ನೂ ಬಿಡಲಿಲ್ಲ. ಪೊಲೀಸಿನವರು ಶೋಧಿಸಿದರೂ ಅಷ್ಟು ಅಚ್ಚುಕಟ್ಟಾಗಿ ಶೋಧಿಸುತ್ತಿರಲಿಲ್ಲ. ಮೈತುಂಬ ಮಸಿ ಮೆತ್ತಿಕೊಂಡು ಸಿಕ್ಕಿಬಿದ್ದನೇ ಹೊರತು ಬೆಲ್ಟು ಸಿಗಲಿಲ್ಲ.

ಏಪ್ರಿಲ್ ಬಂತು. ಹಂಚಿನ ಮನೆ ಮಧ್ಯಾಹ್ನವಾದರೆ ಕಾದ ಬಾಣಲೆ. ಪ್ಲಾಸ್ಟರಿನೊಳಗೆ ಬೆವರು ಹರಿದು ಎಂಥ ತುರಿಕೆ ಅಂದರೆ, ಷಡಕ್ಷರಪ್ಪ ಬಿದಿರಿನ ಕಡ್ಡಿ ತೂರಿಸಿ ಕೆರೆದುಕೊಳ್ಳುತ್ತ ಕಣ್ಣು ಮುಚ್ಚಿ ಶಿವನಾಮ ಹೇಳುತ್ತಿದ್ದ. ಹಳೇ ದಿಂಬು ಬೆವರಿಗೆ ನಾರುತ್ತದೆಂದು ಜಗದಾಂಬ ಮೊದಲ ವಾರದಲ್ಲೇ ಅಂಗಡಿಯ ತುಂಡುಬಟ್ಟೆಗಳನ್ನೇ ತುಂಬಿ ಕಾಲಿಗೆ ಹೊಸ ದಿಂಬು ಹೊಲಿದಿದ್ದಳು. ಅವಳಿಗೂ ಸೂಜಿಗೂ ಅಷ್ಟಕ್ಕಷ್ಟೇ. ಹೊಲಿಗೆ ಒಂದು ಕಡೆ ದಪ್ಪ, ಒಂದು ಕಡೆ ತೆಳು, ಎಲ್ಲ ಕಡೆ ಸೊಟ್ಟ. ಟೈಲರನ ಹೆಂಡತಿ ಹೊಲಿದದ್ದು ಅಂತ ಯಾರಿಗೂ ಹೇಳಬೇಡ, ಇರೋ ಗಿರಾಕಿಗಳೂ ಹೋಗ್ತಾರೆ ಎಂದು ಅವನು ದಿನಕ್ಕೊಮ್ಮೆಯಾದರೂ ಛೇಡಿಸುತ್ತಿದ್ದ. ಅವಳು ಸುಮ್ಮನೆ ನಕ್ಕು ಆ ದಿಂಬನ್ನೇ ಕಾಲ ಕೆಳಗೆ ಸರಿಮಾಡಿ ಇಡುತ್ತಿದ್ದಳು.

ಆರು ವಾರ ಕಳೆದ ಮೇಲೆ ಇಬ್ಬರೂ ರೈಲಿನಲ್ಲಿ ಶಿವಮೊಗ್ಗಕ್ಕೆ ಹೋದರು. ಪ್ಲಾಸ್ಟರ್ ಒಡೆದಾಗ ಒಳಗಿನಿಂದ ಬಂದ ಕಾಲು ತನ್ನದೇ ಎಂದು ನಂಬಲು ಷಡಕ್ಷರಪ್ಪನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಸಣಕಲು, ಬಿಳಿಚಿಕೊಂಡ, ಸಿಪ್ಪೆ ಏಳುವ ಕಾಲು. ಡಾಕ್ಟರು ಒತ್ತಿ ನೋಡಿ ಖುಷಿಯಾದರು. "ಮೂಳೆ ಚೆನ್ನಾಗಿ ಕೂಡಿದೆ. ಇನ್ನು ಪಾದ ಮೇಲೆ ಕೆಳಗೆ ಆಡಿಸೋದು ನಿಮ್ಮ ಕೆಲಸ. ಮಷೀನೂ ತುಳೀಬಹುದು, ನಿಧಾನಕ್ಕೆ. ರಾತ್ರಿ ಮಾತ್ರ ಇನ್ನೊಂದಷ್ಟು ದಿನ ದಿಂಬಿನ ಮೇಲೇ ಇರ್ಲಿ," ಎಂದರು.

ಪಾದ ಆಡಲಿಲ್ಲ. ಮನೆಗೆ ಬಂದು, ಕೋಲೂರಿ ಓಡಾಡಲು ಕಲಿತು, ಎಣ್ಣೆ ತಿಕ್ಕಿಸಿಕೊಂಡು, ಹಲ್ಲು ಕಚ್ಚಿ ಪ್ರಯತ್ನಿಸಿದ. ಹೆಬ್ಬೆರಳು ಅಲುಗುತ್ತಿತ್ತು, ಗಿಣ್ಣು ಮಾತ್ರ ಮರದ ತುಂಡು. ಇನ್ನೂ ಒತ್ತಿದರೆ ಸ್ಕ್ರೂ ಕಿತ್ತು ಬರುತ್ತದೇನೋ ಎಂಬ ಭಯಕ್ಕೆ ಅರ್ಧದಲ್ಲೇ ಬಿಟ್ಟುಬಿಡುತ್ತಿದ್ದ. ವಾರ ಕಳೆಯಿತು. ಅವನಿಗೆ ನಿಜವಾಗಿ ಹೆದರಿಕೆ ಹತ್ತಿದ್ದು ಆಗ. ಹನ್ನೆರಡನೇ ವಯಸ್ಸಿನಿಂದ ಈ ಕಾಲು ತುಳಿದದ್ದರಿಂದಲೇ ಅವನು ಷಡಕ್ಷರಪ್ಪ. ತುಳಿಯದಿದ್ದರೆ ಅವನು ಯಾರು?

ಬೆಲ್ಟಿನ ಮಾತನ್ನು ಅವನು ಬಿಟ್ಟೇಬಿಟ್ಟ. ಡಾಕ್ಟರು ಹೂಂ ಅಂದಾಗಿತ್ತು, ಒಂದು ಮಾತು ಕೇಳಿದ್ದರೆ ಸಿಗುತ್ತಿತ್ತು. ಸಿಕ್ಕರೆ ಕೂರಬೇಕು, ಕೂತರೆ ಗೊತ್ತಾಗಿಬಿಡುತ್ತದೆ. ಅದಕ್ಕಿಂತ ಬೆಲ್ಟು ಕಳೆದಿರುವುದೇ ವಾಸಿ ಎನಿಸಿತು. ಗಿರಾಕಿಗಳು ಬಂದರೆ ಬೆಲ್ಟಿಲ್ಲ, ಬೆಂಗಳೂರಿನಿಂದ ಬರಬೇಕು ಅನ್ನುತ್ತಿದ್ದ. ಜಗದಾಂಬ ಒಳಗಿನಿಂದ ಈ ಸುಳ್ಳನ್ನು ಕೇಳಿಸಿಕೊಂಡರೂ ಬಾಯಿ ಬಿಡುತ್ತಿರಲಿಲ್ಲ. ಅವಳು ಸುಮ್ಮನಿದ್ದದ್ದಕ್ಕೆ ಅವನು ಮನಸ್ಸಿನಲ್ಲೇ ಕೈ ಮುಗಿದ.

ಜಯಪ್ಪ ಬಂದಾಗ ಅವನಿಗೂ ಅದೇ ಸುಳ್ಳು ಹೇಳಿದ. ಜಯಪ್ಪನ ಮದುವೆಗೆ ಇನ್ನು ಮೂರು ವಾರ. ಕೋಟಿನ ಬಟ್ಟೆಯನ್ನು ಮಡಿಸಿ ಅವನ ಕೈಗಿಟ್ಟು, ಶಿವಮೊಗ್ಗದಲ್ಲಿ ಒಳ್ಳೊಳ್ಳೆ ಟೈಲರುಗಳಿದ್ದಾರೆ, ಅಲ್ಲಿ ಕೊಡು ಎಂದುಬಿಟ್ಟ. ಅವತ್ತು ಷಡಕ್ಷರಪ್ಪನಿಗೆ ಊಟ ಸೇರಲಿಲ್ಲ. ಗಿರಾಕಿಯ ಬಟ್ಟೆಯನ್ನು ಹೊಲಿಯದೆ ಹಿಂದಕ್ಕೆ ಕೊಟ್ಟದ್ದು ಅವನ ಜೀವಮಾನದಲ್ಲಿ ಅದೇ ಮೊದಲು.

ಹತ್ತು ದಿನ ಬಿಟ್ಟು, ಒಂದು ಭಾನುವಾರ ಬೆಳಿಗ್ಗೆ ಜಯಪ್ಪ ಹೊಸ ಕೋಟು ತೊಟ್ಟು ಬಂದ. ಷಡಕ್ಷರಪ್ಪಣ್ಣನ ಮನಸ್ಸಿಗೆ ಸಮಾಧಾನವಾಗಲಿ, ತನ್ನಿಂದ ಬಿದ್ದ ಮನುಷ್ಯ ಇನ್ನು ಕೋಟಿನ ಚಿಂತೆಯನ್ನಾದರೂ ಬಿಡಲಿ ಎಂಬುದು ಅವನ ಒಳ್ಳೆಯ ಉದ್ದೇಶ. ಷಡಕ್ಷರಪ್ಪ ಕೋಟನ್ನು ನೋಡಿದ. ಬೆಳಕಿರುವ ಕಡೆಗೆ ಕೋಲೂರಿಕೊಂಡು ಹೋದ. ಬೆಳಕು ಬೀಳುವುದು ಮಷೀನಿನ ಹತ್ತಿರ, ಅಲ್ಲಿನ ಸ್ಟೂಲಿನ ಮೇಲೆ ಕೂತು ಜಯಪ್ಪನನ್ನು ತಿರುಗಿಸಿ ತಿರುಗಿಸಿ ನೋಡಿದ. ಅವನ ಮುಖ ಕೆಂಪಾಗುತ್ತ ಬಂತು.

"ಕೈ ಎತ್ತು. ಇಳಿಸು. ಕೂರಿಸಿ ಅಳತೆ ತಗೊಂಡ ಅಲ್ವಾ ಅವನು? ನಿಜ ಹೇಳು."

ಕೂರಿಸಿಯೇ ತೆಗೆದುಕೊಂಡ ಎಂದು ಜಯಪ್ಪ ತಪ್ಪೊಪ್ಪಿಕೊಂಡ.

ಇನ್ನು ತಡೆಯುವವರು ಯಾರು? ಭುಜ ಎಳೆಯುತ್ತಿದೆ, ಕಾಲರು ಎತ್ತಿನ ಹೆಗಲ ಮೇಲಿನ ನೊಗದ ಹಾಗೆ ಎದ್ದು ನಿಂತಿದೆ, ಗುಂಡಿಯ ಕಾಜಾ ಒಂದೂ ಒಂದು ಸಾಲಿನಲ್ಲಿಲ್ಲ ಎಂದು ಷಡಕ್ಷರಪ್ಪ ಶುರುಮಾಡಿದ. ಆ ಟೈಲರನ ಕತ್ತರಿಯಿಂದ ಹಿಡಿದು ಅವನಿಗೆ ಕೆಲಸ ಕಲಿಸಿದವನವರೆಗೆ ಯಾರನ್ನೂ ಬಿಡಲಿಲ್ಲ. ಕ್ರೇನಿನ ಸಣ್ಣ ಸದ್ದಿಗೂ ಕಿವಿ ನಿಮಿರಿಸುವ ಜಯಪ್ಪ ಬೈಗುಳ ಕೇಳುವುದನ್ನು ನಿಲ್ಲಿಸಿ ಕೆಳಗೆ ನೋಡಿದ.

"ಅಣ್ಣ," ಎಂದ ಮೆಲ್ಲಗೆ, "ಚಕ್ರ ತಿರುಗ್ತಾ ಇದೆ."

ಷಡಕ್ಷರಪ್ಪ ಬಗ್ಗಿ ನೋಡಿದ. ಎರಡು ಪಾದಗಳೂ ಪೆಡಲಿನ ಮೇಲಿದ್ದವು. ಕೆಳಗಿನ ದೊಡ್ಡ ಚಕ್ರ ಬೆಲ್ಟಿಲ್ಲದೆ ಬರಿದೇ ಸುತ್ತುತ್ತಿತ್ತು. ನೋಡಿದ ಕೂಡಲೇ ಕಾಲು ನಿಂತಿತು. ಉಸಿರು ಹಿಡಿದು, ಈ ಸಲ ಬೇಕೆಂದೇ, ಒತ್ತಿದ. ಗಿಣ್ಣಿನಲ್ಲಿ ಚಳಕ್ಕೆಂದು ನೋವೆದ್ದಿತು. ಆದರೂ ಪಾದ ಬಗ್ಗಿತು. ಬಗ್ಗಿ, ಮತ್ತೆ ಮೇಲಕ್ಕೆ ಬಂತು. ಇನ್ನೊಮ್ಮೆ ಒತ್ತಿದ. ಚಕ್ರ ಒಂದು ಸುತ್ತು ಬಂತು, ಎರಡು ಸುತ್ತು ಬಂತು. ಎರಡು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದು ಅವನಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ಒಳಬಾಗಿಲಲ್ಲಿ ಜಗದಾಂಬ ರೊಟ್ಟಿ ಹಿಟ್ಟಿನ ಕೈಯಲ್ಲೇ ನಿಂತಿದ್ದಳು. ಅವಳು ಹಾಸಿಗೆಯ ಹತ್ತಿರ ಹೋಗಿ ಕಾಲಿನ ದಿಂಬನ್ನು ಎತ್ತಿಕೊಂಡು ಬಂದಳು. ಯಾರೂ ಮುಟ್ಟಬಾರದ ಅವನ ಕತ್ತರಿಯನ್ನು ತೆಗೆದುಕೊಂಡು ತನ್ನ ಸೊಟ್ಟ ಹೊಲಿಗೆಗಳನ್ನು ಒಂದೊಂದಾಗಿ ಕತ್ತರಿಸಿದಳು. ತುಂಡುಬಟ್ಟೆಗಳ ನಡುವಿನಿಂದ ಸುರುಳಿ ಸುತ್ತಿದ ಬೆಲ್ಟು ಹೊರಗೆ ಬಂತು.

"ಮನೆಯೆಲ್ಲ ಜಾಲಾಡಿದ್ರಿ. ನಿಮ್ಮ ಕಾಲ ಕೆಳಗೊಂದು ನೋಡ್ಲಿಲ್ಲ," ಎಂದಳು. ಕತ್ತರಿಯನ್ನು ಕೆಳಗಿಟ್ಟಳು. "ಪ್ಲಾಸ್ಟರ್ ತೆಗೆದ ದಿನದಿಂದ ಕಾದೆ ಕಣ್ರೀ, ನೀವಾಗೇ ಕೇಳ್ಲಿ ಅಂತ. ನೀವು ಕೇಳೋದೇ ಬಿಟ್ಟಾಗ ನನಗೆ ಜೀವ ಹೋದಂಗಾಯ್ತು."

ಷಡಕ್ಷರಪ್ಪ ಕೈ ಚಾಚಿದ. ಅವಳು ಬೆಲ್ಟು ಕೊಟ್ಟಳು. ಅದನ್ನು ಚಕ್ರಕ್ಕೆ ಏರಿಸುತ್ತ, ಕೋಟು ಬಿಚ್ಚು, ಇದನ್ನು ಹಾಕಿಕೊಂಡು ನೀನು ಮದುವೆಯಾದರೆ ನಾನು ಊಟಕ್ಕೂ ಬರುವುದಿಲ್ಲ ಎಂದು ಜಯಪ್ಪನನ್ನು ಗದರಿದ. ಮಧ್ಯಾಹ್ನದವರೆಗೂ ಆ ಕೋಣೆಯಲ್ಲಿ ಮಷೀನು ನಿಂತು ನಿಂತು, ಸುಧಾರಿಸಿಕೊಂಡು ಸುಧಾರಿಸಿಕೊಂಡು ಓಡಿತು.

ರಾತ್ರಿಗೆ ಮತ್ತೆ ದಿಂಬು ಬೇಕು. ಸಂಜೆ ಜಗದಾಂಬ ತುಂಡುಬಟ್ಟೆಗಳನ್ನು ತುಂಬಿ, ಒಂದು ಹೊಲಿಗೆ ಓಡಿಸಿಕೊಡಿ ಎಂದು ಮಷೀನಿನ ಮೇಲಿಟ್ಟಳು. ಷಡಕ್ಷರಪ್ಪ ಸೂಜಿಗೆ ದಾರ ಪೋಣಿಸಿ ಅವಳ ಕೈಗೆ ಕೊಟ್ಟ.

"ಇದನ್ನ ನೀನೇ ಹೊಲಿ ಮಾರಾಯ್ತಿ. ಮೊದ್ಲು ಹೊಲಿದಿದ್ಯಲ್ಲ, ಹಾಗೇ."

ಅವಳು ಅವನ ಕಾಲ ಬಳಿಯೇ ನೆಲದ ಮೇಲೆ ಕೂತು ಹೊಲಿಯತೊಡಗಿದಳು. ಹೊಲಿಗೆ ಈ ಸಲವೂ ಸೊಟ್ಟಗೇ ಬಂತು. ಷಡಕ್ಷರಪ್ಪ ನೋಡುತ್ತ ಕೂತಿದ್ದ, ಛೇಡಿಸಲಿಲ್ಲ.