ಎಂಟು ಮನೆಯ ಹಲಗೆ ನಾಲ್ಕು ಮನೆಯಾದದ್ದು

ನಾನು ಒಂದು ವೇಳಾಪಟ್ಟಿಯ ಹಲಗೆ. ಬೆಣ್ಣಿಹಾಳದ ಪ್ರೌಢಶಾಲೆಗೆ ಬಾಗಿಲು ಮಾಡಿ ಉಳಿದ ಹೊನ್ನೆ ಮರದಲ್ಲಿ ಬಡಿಗ ಮೌಲಾಸಾಬರು ನನ್ನನ್ನು ಕೂಡಿಸಿದರು. ಕಪ್ಪು ಬಣ್ಣ ಬಳಿದ ಮೇಲೆ ಚಿತ್ರಕಲಾ ಶಿಕ್ಷಕರು ಬಿಳಿ ಗೆರೆ ಎಳೆದು, ವಾರದ ಆರು ದಿನಕ್ಕೆ ಆರು ಸಾಲು, ಪಿರಿಯಡ್ಡಿಗೊಂದರಂತೆ ಎಂಟು ಮನೆ ಮಾಡಿಕೊಟ್ಟರು. ಒಂದೊಂದು ಮನೆಗೆ ನಲವತ್ತು ನಿಮಿಷ. ಶಿಕ್ಷಕರ ಕೋಣೆಯ ಗೋಡೆ ಏರಿದ ದಿನದಿಂದ ಇಡೀ ಶಾಲೆ ನಾನು ಹೇಳಿದಂತೆ ನಡೆಯಿತು. ಬೇರೆ ವಸ್ತುಗಳು ಮನುಷ್ಯರನ್ನು ಕೆಳಗಿನಿಂದ ನೋಡುತ್ತವಂತೆ. ನಾನು ಮೇಲಿನಿಂದ ನೋಡಿದವನು. ಯಾರ ತಲೆ ಯಾವ ವರ್ಷ ಬೋಳಾಯಿತೆಂದು ಚೆನ್ನಾಗಿ ಬಲ್ಲೆ.

ಪರೀಕ್ಷೆ ಹತ್ತಿರ ಬಂದರೆ ಆಟದ ಪಿರಿಯಡ್ಡನ್ನು ಗಣಿತದವರು ನುಂಗುವುದು ರೂಢಿ. ಆಟದ ಶಿಕ್ಷಕರು ಆ ಹೊತ್ತಿನಲ್ಲಿ ಇನ್ನೊಂದು ಚಹಾ ಕುಡಿಯುತ್ತಿದ್ದರು. ನನ್ನ ಮೇಲೆ ಸಿಟ್ಟಿದ್ದದ್ದು ವಿಜ್ಞಾನದ ನೀಲಾಂಬಿಕಾ ಟೀಚರಿಗೆ ಮಾತ್ರ.

ಕಬ್ಬಿಣದ ಮೊಳೆಯನ್ನು ಮೈಲುತುತ್ತದ ನೀಲಿ ನೀರಿನಲ್ಲಿ ಇಳಿಬಿಟ್ಟರೆ ಅದಕ್ಕೆ ತಾಮ್ರದ ಕಂದು ಬಣ್ಣ ಹತ್ತುತ್ತದೆ. ಚೆನ್ನಾಗಿ ಹತ್ತಲು ಇಪ್ಪತ್ತು ನಿಮಿಷ ಬೇಕು. ಮಕ್ಕಳನ್ನು ಪ್ರಯೋಗಾಲಯಕ್ಕೆ ನಡೆಸಿ, ಹಾಜರಿ ತೆಗೆದು, ಮೊಳೆ ಉಜ್ಜಿಸಿ, ನೀರು ಸಿದ್ಧ ಮಾಡಿ ಇಳಿಬಿಡುವಷ್ಟರಲ್ಲಿ ಗಂಟೆ. ‘ಬಣ್ಣ ಬಂತಂತ ಬರಕೋರಿ’ ಎಂದು ಹೇಳಿ ಕಳಿಸಿ, ಟೀಚರು ಬಂದು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು. ಹನ್ನೊಂದು ವರ್ಷ ಹೀಗೇ ಬರೆಸಿದರು. ಅಷ್ಟರಲ್ಲಿ ಬಿಸಿಯೂಟದ ಅಕ್ಕಿ ಚೀಲಗಳು ಒಂದೊಂದಾಗಿ ಪ್ರಯೋಗಾಲಯದ ಅರ್ಧವನ್ನು ಹಿಡಿದಿದ್ದವು.

ಒಂದು ಜೂನ್‌ನಲ್ಲಿ ಟೀಚರು ಮುಖ್ಯೋಪಾಧ್ಯಾಯ ಇನಾಮದಾರ ಸರ್ ಮುಂದೆ ನಿಂತು, ಎರಡೆರಡು ಪಿರಿಯಡ್ ಕೂಡಿಸಿ ಎಂಬತ್ತು ನಿಮಿಷದ ನಾಲ್ಕು ತರಗತಿ ಮಾಡಿ ಎಂದರು. ಅರ್ಧ ಜನ ನಕ್ಕರು. ಸರ್ ಯೋಚಿಸಿ ಒಂದು ಷರತ್ತು ಹಾಕಿದರು. ಹಿಂದಿನ ವರ್ಷ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಹತ್ತನೆಯ ತರಗತಿಯ ಹತ್ತೊಂಬತ್ತು ಮಕ್ಕಳು ವಿಜ್ಞಾನದಲ್ಲಿ ಪಾಸಾಗಿದ್ದರು. ಈ ಸಲ ಅದಕ್ಕಿಂತ ಒಬ್ಬರು ಕಡಿಮೆಯಾದರೂ ಹಳೆಯ ಪಟ್ಟಿಯೇ ಗಟ್ಟಿ, ಪ್ರಯೋಗಾಲಯ ಪೂರ್ತಿ ಅಕ್ಕಿಗೆ; ಇಲ್ಲವಾದರೆ ಪೂರ್ತಿ ಟೀಚರಿಗೆ.

“ಆತ್ರಿ ಸರ. ಕಡಿಮಿ ಬಂದ್ರ ಕೀಲಿ ನಾನ ತಂದು ಕೊಡತೀನಿ” ಎಂದರು ಟೀಚರು.

ಸೀಮೆಎಣ್ಣೆ ಹಚ್ಚಿ ನನ್ನ ನಾಲ್ಕು ಗೆರೆ ಒರೆಸಿದರು. ನನಗೆ ಮೈಯೆಲ್ಲ ಉರಿಯಿತು. ಈ ಹೆಂಗಸು ಸೋಲಲಿ ಎಂದು ಮನಸಾರೆ ಹಾರೈಸಿದೆ.

ಮೊದಲ ದಿನವೇ ನನ್ನ ಹಾರೈಕೆ ಫಲಿಸಿದಂತೆ ಕಂಡಿತು. ಜವಾನಳಾಗಿದ್ದ ಯಲ್ಲವ್ವನ ಕೈಗೆ ಇಪ್ಪತ್ತೆರಡು ವರ್ಷದ ರೂಢಿ. ಸರಿಯಾಗಿ ನಲವತ್ತು ನಿಮಿಷಕ್ಕೆ ಗಂಟೆ ಬಾರಿಸಿಬಿಟ್ಟಳು. ಮಕ್ಕಳೆಲ್ಲ ಹೊರಗೆ ಬಂದರು, ಅವರ ಹಿಂದೆಯೇ ಶಿಕ್ಷಕರೂ ಬಂದರು. ಎಲ್ಲರನ್ನೂ ಒಳಗೆ ಕಳಿಸಬೇಕಾದ ಇನಾಮದಾರ ಸರ್ ಕೂಡ ರೂಢಿಯಂತೆ ನಳದ ಹತ್ತಿರ ನೀರು ಕುಡಿಯುತ್ತಿದ್ದರು. ಗಣಿತದ ಹಳ್ಳಿಕೇರಿ ಸರ್ ಪಾಡು ಇನ್ನೂ ಕಷ್ಟ. ಅವರ ಪಾಠ ಮೂವತ್ತೈದು ನಿಮಿಷಕ್ಕೆ ಖಾಲಿ. ಉಳಿದ ಹೊತ್ತು ಏನು ಮಾಡಲಿ ಎಂದು ಟೀಚರನ್ನು ಕೇಳಿದರು. ಚಾಕ್‌ಪೀಸ್ ಮಕ್ಕಳ ಕೈಗೆ ಕೊಡಿ ಎಂದರು ಟೀಚರು.

ಕೊಟ್ಟರು. ಎಂಟನೆಯ ತರಗತಿಯಿಂದ ಬಾಯಿಯೇ ಬಿಡದಿದ್ದ ಬೀಬಿಜಾನ ಎಂಬ ಹುಡುಗಿ, ಹಳ್ಳಿಕೇರಿ ಸರ್ ಒಂಬತ್ತು ಸಾಲಿನಲ್ಲಿ ಮಾಡುವ ಲೆಕ್ಕವನ್ನು ಐದೇ ಸಾಲಿನಲ್ಲಿ ಬಿಡಿಸಿದಳು. ಅವರು ಅದನ್ನು ಆ ದಿನ ಎಲ್ಲರಿಗೂ ಮೂರು ಸಲ ಹೇಳಿದರು. ಅಲ್ಲಿಗೆ ನನ್ನ ಸಿಟ್ಟೂ ಇಳಿಯತೊಡಗಿತು.

ಜುಲೈ ತಿಂಗಳ ಒಂದು ಬುಧವಾರ ಪ್ರಯೋಗಾಲಯದಿಂದ ಎರಡು ಗೋಡೆ ದಾಟಿ ಗದ್ದಲ ಕೇಳಿತು. ಹತ್ತನೆಯ ತರಗತಿಯ ನಲವತ್ತೊಂದು ಮಕ್ಕಳೂ ತಮ್ಮ ಕಣ್ಣಾರೆ ಮೊಳೆಗೆ ಬಣ್ಣ ಹತ್ತುವುದನ್ನು ಕಂಡಿದ್ದರು. ಟೀಚರು ಬಂದು ಕುಳಿತು ಸೆರಗಿನಿಂದ ಕಣ್ಣೊರೆಸಿಕೊಂಡರು.

“ಇವತ್ತ ಯಾರೂ ಸುಳ್ಳ ಬರೀಲಿಲ್ರಿ ಸರ” ಎಂದರು ಹಳ್ಳಿಕೇರಿಯವರಿಗೆ.

ಆ ಹೊತ್ತಿನಿಂದ ನಾನು ಅವರ ಕಡೆಯವನಾದೆ.

ದಸರೆಗೆ ಮುಂಚೆ ಫಲಿತಾಂಶ ಬಂತು. ಟೀಚರು ಪ್ರಯೋಗಾಲಯದ ಕೀಲಿಯನ್ನು ಮೊದಲೇ ತಂದು ಮೇಜಿನ ಮೇಲಿಟ್ಟಿದ್ದರು. ಇನಾಮದಾರ ಸರ್ ಅಂಕಪಟ್ಟಿಯ ಮೇಲೆ ಬೆರಳಿಟ್ಟು ಎಣಿಸಿದರು. ನಂಬಿಕೆಯಾಗದೆ ಇನ್ನೊಮ್ಮೆ ಎಣಿಸಿದರು. ಮೂವತ್ತಾರು. ನನಗೆ ಕೈ ಇದ್ದಿದ್ದರೆ ಚಪ್ಪಾಳೆ ಹೊಡೆಯುತ್ತಿದ್ದೆ. ಸರ್ ಕೀಲಿಯನ್ನು ಟೀಚರ ಕಡೆಗೆ ಸರಿಸಿದರು. ಹಾಗಾದರೆ ಅಕ್ಕಿ ಎಲ್ಲಿ ಇಡುವುದೆಂದು ಯಲ್ಲವ್ವ ಕೇಳಿದಳು.

“ನನ್ನ ಖೋಲ್ಯಾಗ ಇಡ್ರಿ. ನನಗ ಒಂದ ಕುರ್ಚಿ, ಒಂದ ಟೇಬಲ್ ಸಾಕು” ಎಂದರು ಇನಾಮದಾರ ಸರ್. ಅಂಗಿಯ ತೋಳು ಮಡಚಿಕೊಂಡು ಹೋಗಿ ಮೊದಲ ಚೀಲದ ಒಂದು ತುದಿಗೆ ತಾವೇ ಕೈ ಹಾಕಿದರು. ಇನ್ನೊಂದು ತುದಿಯನ್ನು ಹಳ್ಳಿಕೇರಿ ಸರ್ ಹಿಡಿದರು.

ಈಗ ನನಗೆ ವಯಸ್ಸಾಗಿದೆ. ಗೋಡೆಯ ಮೇಲೆ ಅಚ್ಚು ಹಾಕಿದ ವೇಳಾಪಟ್ಟಿ ಬಂದಿದೆ. ಅದರಲ್ಲೂ ನಾಲ್ಕೇ ಮನೆ. ನನ್ನನ್ನು ಕೆಳಗಿಳಿಸಿ, ನಾಲ್ಕು ಕಾಲು ಕೊಟ್ಟು ಪ್ರಯೋಗಾಲಯದ ನಡುವೆ ನಿಲ್ಲಿಸಿದ್ದಾರೆ. ಮೈಮೇಲೆ ಸುಟ್ಟ ಗುರುತು, ನೀಲಿ ಕಲೆ, ಮಕ್ಕಳ ಮೊಣಕೈ. ಕೊನೆಗೂ ನಾನೂ ಮನುಷ್ಯರನ್ನು ಕೆಳಗಿನಿಂದ ನೋಡುತ್ತಿದ್ದೇನೆ. ಬಾಗಿದ ಆ ಮುಖಗಳನ್ನು ಎಂಬತ್ತು ನಿಮಿಷ ನೋಡಿದರೂ ನನಗೆ ಸಾಲದು.