ಮೂಲೆಯ ಚೌಕದಲ್ಲಿ ಎರಡು ಕೈ

ಹಣೆಗೆ ದೀಪದ ಬಿಸಿ, ಪಾದಕ್ಕೆ ಏಸಿಯ ಚಳಿ, ಕಿವಿಗೆ ಸಿಕ್ಕಿಸಿದ ಇಯರ್‌ಫೋನಿನಲ್ಲಿ ನಿರೂಪಕನ ದನಿ ಹರಿದು ಬರುತ್ತಲೇ ಇದೆ, ಏಳು ವರ್ಷ ಪಯಣಿಸಿದ ನೌಕೆ, ದೂರದ ಗ್ರಹದ ಚಂದ್ರ, ಕಿತ್ತಳೆ ಬಣ್ಣದ ಮಬ್ಬು, ಪ್ಯಾರಾಚೂಟ್ — ಅವಳ ಬಲಗೈ ಅರಳಿ ಛತ್ರಿಯಾಗುತ್ತದೆ, ಎಡಗೈ ಮುಷ್ಟಿ ಅದರಡಿ ತೂಗುತ್ತ ಇಳಿಯುತ್ತದೆ, ಟಿ.ವಿ. ಪರದೆಯ ಕೆಳಮೂಲೆಯ ಪುಟ್ಟ ಚೌಕದಲ್ಲಿ ನಿಂತು ಕಿವಿ ಕೇಳದವರಿಗೆ ಸನ್ನೆಯಲ್ಲಿ ಸುದ್ದಿ ಹೇಳುವುದು ಹದಿಮೂರು ವರ್ಷದಿಂದ ಅವಳ ಕೆಲಸ, ಕೈ ತನ್ನ ಪಾಡಿಗೆ ಆಡುತ್ತಿರುತ್ತದೆ, ಮನಸ್ಸು ತನ್ನ ಪಾಡಿಗೆ ಅಲೆಯುತ್ತಿರುತ್ತದೆ, ಈಗ ಆ ಮನಸ್ಸಿಗೆ ಬೇಕಾಗಿರುವುದು ಚಂದ್ರನೂ ಅಲ್ಲ ನೌಕೆಯೂ ಅಲ್ಲ, ಅಮ್ಮ ನೋಡುತ್ತಿದ್ದಾಳಾ, ಅಷ್ಟೆ. ನೋಡುತ್ತಿರಲಿಕ್ಕಿಲ್ಲ. ಎಂಟು ತಿಂಗಳಾಯಿತು ಅಮ್ಮ ಮಾತು ಬಿಟ್ಟು, ಮಾತು ಬಿಡುವುದೆಂದರೆ ಅಮ್ಮನಿಗೆ ಕಣ್ಣು ಮುಚ್ಚುವುದು, ಹುಟ್ಟಿನಿಂದ ಕಿವಿ ಕೇಳದವಳು ರೆಪ್ಪೆ ಬಿಗಿದು ಕೂತರೆ ಮುಗಿಯಿತು, ಎದುರಿಗೆ ಎಷ್ಟು ಕೈ ಬೀಸಿದರೂ ದಂಡ, ಬಾಗಿಲಾದರೆ ತಟ್ಟಬಹುದು, ರೆಪ್ಪೆಯನ್ನು ಯಾರು ತಟ್ಟಿಯಾರು. ತನ್ನ ಮಗಳು ಪುಟ್ಟಿಯೂ ಅಜ್ಜಿಯ ಹಾಗೆಯೇ ಎಂದು ತಿಳಿದ ದಿನ ಅಮ್ಮ ತೊಟ್ಟಿಲ ಮೇಲೆ ಬಗ್ಗಿ, ಬಂದ್ಯಾ ನನ್ನ ಜೊತೆಗಾರ್ತಿ, ಎಂದು ಕೈಯಾಡಿಸಿ ನಕ್ಕಿದ್ದಳು, ಅದೇ ಪುಟ್ಟಿಗೆ ಮೂರು ತುಂಬಿದಾಗ ಆಪರೇಷನ್ ಮಾಡಿಸಿ ಕಿವಿಯೊಳಗೆ ಕೇಳಿಸುವ ಯಂತ್ರ ಇಡಿಸಿದ್ದಾಯಿತು, ಅಮ್ಮನಿಗೆ ಹೇಳದೆ, ಹೇಳಿದರೆ ರಂಪ ಆಗುತ್ತೆ ಅಂತ, ಆಮೇಲೆ ಹೇಳಿದರಾಯಿತು ಅಂತ, ಅಮ್ಮ ಬಂದು ಮಗುವಿನ ತಲೆಯ ಪಟ್ಟಿ ನೋಡಿದಳು, ನನ್ನ ಹಾಗಿರೋದು ಅಷ್ಟು ಕೆಟ್ಟದ್ದಾ, ನಾನೇನು ಬಾಳಲಿಲ್ವಾ, ಪ್ರೆಸ್ಸಲ್ಲಿ ಪುಸ್ತಕ ಹೊಲಿದು ಹೊಲಿದು ನಿನ್ನ ಸಾಕಲಿಲ್ವಾ, ಅಮ್ಮ ಹಾಗಲ್ಲ, ಅವಳಿಗೆ ಎರಡೂ ಇರ್ಲಿ ಅಂತ, ಕೈಯೂ ಇರ್ಲಿ ಕಿವಿಯೂ ಇರ್ಲಿ — ಅಷ್ಟರಲ್ಲಿ ರೆಪ್ಪೆ ಮುಚ್ಚಿತ್ತು, ಅವಳ ಮಾತು ಬೆರಳ ತುದಿಯಲ್ಲೇ ಉಳಿಯಿತು.

ಅಲ್ಲಿಂದ ಇಲ್ಲಿಗೆ ಸಂಕೇತ ಬರೋಕೆ ಒಂದು ಗಂಟೆ ಇಪ್ಪತ್ತು ನಿಮಿಷ ಬೇಕು, ಅಂದ್ರೆ ವೀಕ್ಷಕರೇ, ಅಲ್ಲಿ ಆಗಬೇಕಾದದ್ದು ಈಗಾಗಲೇ ಆಗಿಹೋಗಿದೆ, ನಮಗೆ ಗೊತ್ತಾಗಬೇಕು ಅಷ್ಟೆ, ಎನ್ನುತ್ತಾನೆ ನಿರೂಪಕ, ಅವಳ ಕೈಯೂ ಅದನ್ನೇ ಹೇಳುತ್ತದೆ. ಆಗಿಹೋಗಿದೆ, ಗೊತ್ತಾಗಬೇಕು ಅಷ್ಟೆ. ಆಗ ಒಂಬತ್ತು ವರ್ಷ ಅವಳಿಗೆ, ಆಸ್ಪತ್ರೆಯ ಓಣಿ, ಫಿನಾಯಿಲ್ ವಾಸನೆ, ಡಾಕ್ಟರು ಅಮ್ಮನ ಮುಖ ನೋಡಿ, ಇವರಿಗೆ ಹೇಗೆ ಹೇಳುವುದೆಂದು ತಿಳಿಯದೆ ಅವಳತ್ತ ಬಗ್ಗಿ, ಅಮ್ಮನಿಗೆ ನೀನೇ ಹೇಳಮ್ಮ, ಅಪ್ಪ ಹೋಗಿಬಿಟ್ರು ಅಂತ. ಅಮ್ಮ ಊಟದ ಡಬ್ಬಿ ಹಿಡಿದು ನಿಂತವಳು, ಏನಂತೆ, ಏನಂತೆ, ಗದ್ದ ಎತ್ತಿ ಕೇಳುತ್ತಿದ್ದಾಳೆ, ಅವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು, ಕೈ ಅಲ್ಲಿರುವಷ್ಟು ಹೊತ್ತು ಅಮ್ಮನ ಪಾಲಿಗೆ ಅಪ್ಪ ಇದ್ದಾನೆ, ಒಳಗೆ ಮಲಗಿದ್ದಾನೆ, ಎದ್ದು ಊಟ ಮಾಡುತ್ತಾನೆ, ಎಷ್ಟು ಹೊತ್ತೋ, ಒಂದು ನಿಮಿಷವೋ ಎರಡೋ, ಅಮ್ಮ ಡಬ್ಬಿ ಕೆಳಗಿಟ್ಟು ಆ ಕೈಗಳನ್ನು ಮುಂದಕ್ಕೆ ಎಳೆದುಕೊಂಡಳು, ಹೇಳೇ. ಹೇಳಿದಳು. ಆಮೇಲೆ ಯಾವ ಸುದ್ದಿ ಹೇಳುವಾಗಲೂ ಅವಳ ಕೈ ನಡುಗಿದ್ದಿಲ್ಲ, ಪ್ರವಾಹವಾಗಲಿ, ಯುದ್ಧವಾಗಲಿ.

ಸಂಕೇತ ಬರಬೇಕಾದ ಹೊತ್ತು ಬಂತು, ಬರಲಿಲ್ಲ. ನಿರೂಪಕನ ಬಾಯಿ ಕಟ್ಟಿತು. ದೊಡ್ಡ ಪರದೆಯಲ್ಲಿ ತಲೆ ನರೆತ ವಿಜ್ಞಾನಿಯೊಬ್ಬಾಕೆ ಕನ್ನಡಕ ತೆಗೆಯುತ್ತಾಳೆ, ಹಾಕಿಕೊಳ್ಳುತ್ತಾಳೆ, ಮತ್ತೆ ತೆಗೆಯುತ್ತಾಳೆ, ಎರಡು ನಿಮಿಷ, ನಾಲ್ಕು, ಕಿವಿಯಲ್ಲಿ ಕಂಟ್ರೋಲ್ ರೂಮಿನವರ ಪಿಸುಮಾತು, ಮೇಡಂ ನಿಮ್ಮ ಕೈ ನಿಂತಿದೆ, ಯಾರೂ ಮಾತಾಡದಿದ್ದರೆ ಏನಂತ ಹೇಳಲಿ ಪುಣ್ಯಾತ್ಮ, ಆದರೂ ಎತ್ತಿದಳು, ಯಾರೂ ಮಾತಾಡುತ್ತಿಲ್ಲ, ಎಲ್ಲರೂ ಕಾಯುತ್ತಿದ್ದಾರೆ, ಹೆದರಿದ್ದಾರೆ, ಹೆದರಿಕೆಯನ್ನು ಹುಬ್ಬಿನಲ್ಲಿ ತಂದಳು, ಕಿವಿ ಇದ್ದವರೂ ಇಲ್ಲದವರೂ ಈಗ ಒಂದೇ, ಏನಂತೆ, ಏನಂತೆ, ಗದ್ದ ಎತ್ತಿಕೊಂಡು ಕೂತಿದ್ದಾರೆ — ಅಯ್ಯೋ, ಪುಟ್ಟಿಯ ವಿಷಯದಲ್ಲೂ ನಾನು ಕೈ ಬೆನ್ನ ಹಿಂದೆ ಕಟ್ಟಿಕೊಂಡೇ ನಿಂತಿದ್ದೆನಲ್ಲ, ಅಮ್ಮನ ಮುನಿಸು ಯಂತ್ರದ ಮೇಲಲ್ಲ, ಅಥವಾ ಯಂತ್ರದ ಮೇಲೂ ಇರಬಹುದು, ಆದರೆ ಎಲ್ಲ ಆಗಿಹೋದ ಮೇಲೆ ಗೊತ್ತಾಯಿತಲ್ಲ, ಎರಡನೆಯ ಸಲವೂ ತನಗೇ ಕೊನೆಗೆ ಗೊತ್ತಾಯಿತಲ್ಲ, ಅದರ ಮೇಲೆ. ಬಂತು, ಬಂತು, ಯಾರೋ ಕೂಗಿದರು, ಕುರ್ಚಿಗಳು ಸರಿದವು, ವಿಜ್ಞಾನಿ ಮುಖ ಮುಚ್ಚಿಕೊಂಡಳು, ಪರದೆಯ ಮೇಲೆ ಕೆಂಪು ಮಸುಕಿನ ನೆಲ, ನೆಲದ ತುಂಬ ನುಣುಪು ಗುಂಡುಗಳು, ಕಲ್ಲಲ್ಲ ವೀಕ್ಷಕರೇ, ಕಲ್ಲಿನಷ್ಟು ಗಟ್ಟಿಯಾದ ಮಂಜುಗಡ್ಡೆ, ಅವಳ ಕೈ ಸಿಕ್ಕಿದ ಹಾಗೆ ಓಡಿತು, ಮಂಜುಗಡ್ಡೆ, ಕಲ್ಲು, ನೆಲ, ಕಣ್ಣು ಮಂಜಾಗಿತ್ತು.

ದೀಪ ಆರಿತು. ಮೇಕಪ್ ಕೋಣೆಯಲ್ಲಿ ಬ್ಯಾಗಿನೊಳಗೆ ಫೋನು ಗುರುಗುಡುತ್ತಿದೆ, ವಿಡಿಯೊ ಕರೆ, ಅಮ್ಮ. ಹೇಗಿದ್ದೀಯಾ ಇಲ್ಲ, ಊಟ ಆಯ್ತಾ ಇಲ್ಲ, ತಪ್ಪು, ಎನ್ನುತ್ತಾಳೆ ಅಮ್ಮ. ಏನು ತಪ್ಪು? ಮಂಜುಗಡ್ಡೆ ಅಂದೆ, ಕಲ್ಲು ಅಂದೆ, ಅಲ್ಲಿ ಎರಡು ಥರ ಬಿದ್ದಿದೆ ಅಂದ್ಕೊಂಡ್ರು ನಮ್ಮೋರೆಲ್ಲ, ಒಂದೇ ಅಲ್ವೇನೇ ಅದು, ನೋಡಿಲ್ಲಿ. ಅಮ್ಮನ ಎಡ ಅಂಗೈ ನೆಲವಾಯಿತು, ಬಲ ಮುಷ್ಟಿ ಚಳಿಗೆ ನಡುಗುತ್ತ ಬಂದು ಅದರ ಮೇಲೆ ಗಟ್ಟಿಯಾಗಿ ಕೂತಿತು. ಫೋನನ್ನು ಕನ್ನಡಿಗೆ ಒರಗಿಸಿ ಅವಳೂ ಮಾಡಿದಳು. ಮಣಿಕಟ್ಟು ಸಡಿಲ, ಮತ್ತೆ ಮಾಡು. ಅಮ್ಮ, ನಾನು ನಿನಗೆ ಮೊದಲೇ ಹೇಳಬೇಕಿತ್ತು, ಆಪರೇಷನ್‌ಗೆ ಮುಂಚೇನೇ ಹೇಳಬೇಕಿತ್ತು. ಹೌದು, ಹೇಳಬೇಕಿತ್ತು. ಅಮ್ಮ ಅವಳನ್ನೇ ನೋಡಿದಳು, ರೆಪ್ಪೆ ಮುಚ್ಚಲಿಲ್ಲ. ಭಾನುವಾರ ಪುಟ್ಟೀನ ಕರ್ಕೊಂಡು ಬಾ, ಆವಾಗ ಜಗಳ ಆಡೋಣ, ಈಗ ಇದನ್ನ ಸರಿಮಾಡ್ಕೋ. ಮಾಡಿದಳು. ಅಲ್ಲ, ನನ್ನ ನೋಡು. ಅಮ್ಮನ ಮುಷ್ಟಿ ನಡುಗುತ್ತ ಬಂದು ಅಂಗೈ ಮೇಲೆ ಕೂತಿತು, ಎದ್ದಿತು, ಮತ್ತೆ ನಡುಗಿತು, ಕೂತಿತು, ಆ ಅಂಗೈ, ಆ ಮುಷ್ಟಿ, ಅಮ್ಮನ ನಡುಗುವ ಮುಷ್ಟಿ —