ಬಲಗಡೆಯ ಹಿಡಿ

ಪೇಂಟರನನ್ನು ಅವನ ಅಣ್ಣ ಬೈದು ಹನ್ನೊಂದು ತಿಂಗಳಾಗಿತ್ತು. ಬೈಗುಳ ತಪ್ಪಿತೆಂದು ಯಾರಾದರೂ ಕೊರಗುತ್ತಾರೆಯೇ ಎಂದು ಕೇಳಬೇಡಿ, ಇವನು ಕೊರಗುತ್ತಿದ್ದ. ಚಿಕ್ಕಂದಿನಿಂದಲೂ ಅಣ್ಣನ ಬಾಯಲ್ಲಿ ಇವನ ಹೆಸರು ಮಂಕ. ಏಣಿ ಓರೆಯಾಗಿ ಇಟ್ಟರೆ ಮಂಕ, ಮೀನು ದಡಕ್ಕೆ ಬಂದಾಗ ಕೈಬಲೆ ತಡವಾಗಿ ಚಾಚಿದರೆ ಮಂಕ, ಮದುವೆಯ ದಿನ ಶರಟಿನ ಗುಂಡಿಯನ್ನು ಒಂದು ಕಾಜಾ ತಪ್ಪಿಸಿ ಹಾಕಿಕೊಂಡು ಬಂದಾಗ ಬೀಗರ ಎದುರೇ ಮಂಕ. ಲಕ್ವ ಹೊಡೆದು ಅಣ್ಣನ ಬಲಗೈ ಸೋತ ಮೇಲೆ ಆ ಮಾತು ನಿಂತೇಹೋಯಿತು. ಈಗ ಅಣ್ಣ ಇವನನ್ನು ಅಪ್ಪಾ ಎಂದು ಕರೆಯುತ್ತಿದ್ದ, ತೊಂದರೆ ಇಲ್ಲದಿದ್ದರೆ ಒಂದು ಲೋಟ ನೀರು ಕೊಡು ಎನ್ನುತ್ತಿದ್ದ. ಆ ಮರ್ಯಾದೆ ಕಿವಿಗೆ ಬಿದ್ದಾಗಲೆಲ್ಲ ಪೇಂಟರ ಲೋಟ ಕೊಟ್ಟವನೇ ಎದ್ದು ಅಂಗಳಕ್ಕೆ ಹೋಗಿಬಿಡುತ್ತಿದ್ದ.

ಅಣ್ಣ ಬಡಗಿ. ಬಾಗಿಲು, ಕಿಟಕಿ, ಮಂಚ, ಏನು ಕೊಟ್ಟರೂ ಸರಿಯೇ, ಅವನು ಕೂಡಿಸಿದ ಸಂದಿನಲ್ಲಿ ಉಗುರು ತೂರುತ್ತಿರಲಿಲ್ಲ. ವಾರಕ್ಕೊಂದು ರಜೆ, ಆ ರಜೆಯಲ್ಲಿ ಅಣ್ಣತಮ್ಮಂದಿರಿಬ್ಬರೂ ಕೆರೆಯ ದಂಡೆಯಲ್ಲಿ. ಕಾಯಿಲೆಯಾದ ಮೇಲೆ ಗಾಳದ ಕೋಲುಗಳು ಗೋಡೆಗೆ ಒರಗಿ ಧೂಳು ತಿನ್ನುತ್ತಿದ್ದವು. ಕೆರೆ ಸುದ್ದಿ ಎತ್ತಿದರೆ ಅಣ್ಣ ಮಾತು ಬದಲಿಸುತ್ತಿದ್ದ.

ಆದರೆ ಸುಮ್ಮನೆ ಕೂರುವ ಜೀವ ಅಲ್ಲವಲ್ಲ ಅದು. ಒಂದು ದಿನ ಒಂದು ತುಂಡು ಮರವನ್ನು ಅಲುಗದಂತೆ ಬಿಗಿಹಿಡಿಯುವ ವೈಸಿಗೆ ಕಚ್ಚಿಸಿ, ಎಡಗೈಯಲ್ಲಿ ಚಾಕು ಹಿಡಿದು ಕೆತ್ತಲು ಕೂತ. ಎಡಗೈಗೆ ಏನು ಗೊತ್ತು ಪಾಪ. ಮೊದಲ ತಿಂಗಳು ಆಗಿದ್ದು ಬರೀ ಸಿಪ್ಪೆ ರಾಶಿ. ನಾಲ್ಕನೆಯ ತಿಂಗಳಿಗೆ, ದೊಡ್ಡ ಮೀನನ್ನು ಮರುಳುಮಾಡಲು ಗಾಳದ ದಾರಕ್ಕೆ ಕಟ್ಟುವ ಮರದ ಮೀನೊಂದು ಎದ್ದಿತು ನೋಡಿ, ಒಂದು ಗೇಣು ಉದ್ದ, ಮೂರು ಮೊಟ್ಟೆಯ ತೂಕ, ನಟ್ಟನಡುವೆ ಹಿತ್ತಾಳೆಯ ಸಣ್ಣ ಕೀಲು, ಹೊಟ್ಟೆಯಡಿ ಕೊಕ್ಕೆ. ನೀರಿನಲ್ಲಿ ಎಳೆದರೆ ಬಾಲ ಅತ್ತಿತ್ತ ಬಳುಕಿ, ನಿಜವಾದ ಮೀನೇ ಸೋಮಾರಿಯಾಗಿ ಹೋಗುತ್ತಿದೆ ಎನ್ನಬೇಕು. ದೊಡ್ಡ ಬಾಯಿಯ ಬಾಸ್ ಮೀನು ಸಣ್ಣಪುಟ್ಟದಕ್ಕೆ ಮೂಗು ಮುರಿಯುತ್ತದೆ, ಇಂಥ ದಪ್ಪ ತುತ್ತು ಕಂಡರೆ ಮಾತ್ರ ಆಳದಿಂದ ಎದ್ದು ಬರುತ್ತದೆ. ಪೇಂಟರ ಅದಕ್ಕೆ ಹನ್ನೆರಡು ಕೈ ಬಣ್ಣ ಕೊಟ್ಟ, ಒಂದೊಂದೇ ಹುರುಪೆ ಬರೆದ, ಕಣ್ಣು ಬರೆಯುವಾಗ ಉಸಿರು ಬಿಗಿಹಿಡಿದ. ಬರೆಯುತ್ತ ಬರೆಯುತ್ತ, ಸೋತ ಮೈಯೊಳಗೆ ಇಷ್ಟು ಹಟ ಎಲ್ಲಿತ್ತು ಮಾರಾಯ ಎಂದು ಅವನ ಕಣ್ಣು ತುಂಬಿತು.

ಎಲ್ಲ ಮುಗಿದ ಮೇಲೆ ಅಣ್ಣ ಹೇಳಿದ್ದು ಇಷ್ಟೇ.

"ನೀನೇ ಎಸಿಯಪ್ಪಾ. ನಾನು ದಂಡೆ ಮೇಲೆ ಕೂತು ನೋಡ್ತೀನಿ, ಅಷ್ಟು ಸಾಕು ನನಗೆ."

ಎಸೆಯುವುದು ಅಷ್ಟು ಸುಲಭವಾಗಿರಲಿಲ್ಲ. ಕೋಲಿಗೆ ಕಟ್ಟಿ ದಾರ ಸುತ್ತುವ ರೀಲು ಮನೆಯಲ್ಲಿದ್ದುದು ಸಣ್ಣ ಮೀನಿಗೆ ಮಾಡಿದ್ದು. ಅಷ್ಟೇ ತೂಕದ ಬೇರೆ ಮರದ ತುಂಡು ಕಟ್ಟಿ ಬಯಲಿನಲ್ಲಿ ಎಸೆದು ನೋಡಿದಾಗ, ದಾರ ಸುತ್ತಿದ ಸ್ಪೂಲು ಹುಚ್ಚಾಪಟ್ಟೆ ತಿರುಗಿ, ಬಿಚ್ಚಿದ ದಾರ ಅದರ ಮೇಲೆಯೇ ಸಿಕ್ಕುಗಟ್ಟಿ, ಬಿಗಿದ ಏಟಿಗೆ ಪಟ್ಟನೆ ತುಂಡಾಯಿತು. ತುಂಡು ಮರ ಯಾವುದೋ ಪೊದೆಯೊಳಗೆ ಹೋಗಿ ಬಿತ್ತು, ಸಿಗಲೇ ಇಲ್ಲ. ಅದರ ಜಾಗದಲ್ಲಿ ಅಣ್ಣನ ಮೀನು ಇದ್ದಿದ್ದರೆ ಎಂದು ನೆನೆದು ಪೇಂಟರ ಕೋಲನ್ನು ಕೆಳಗಿಟ್ಟುಬಿಟ್ಟ. ಇರುವುದೊಂದೇ ಮೀನು, ಆ ಕೈ ಇನ್ನೊಂದು ಕೆತ್ತುತ್ತದೋ ಇಲ್ಲವೋ ದೇವರೇ ಬಲ್ಲ.

ಹೀಗಾಗಿ ಹೊಸ ರೀಲು ತರಲೇಬೇಕಾಯಿತು. ಅಂಗಡಿಗೆ ತಾನೂ ಬರುತ್ತೇನೆಂದು ಅತ್ತಿಗೆ ಚಪ್ಪಲಿ ಮೆಟ್ಟಿ ನಿಂತಾಗ ಪೇಂಟರ ಒಳಗೊಳಗೇ ನಕ್ಕ. ಅತ್ತಿಗೆ ಹೊಲಿಗೆ ಯಂತ್ರ ರಿಪೇರಿ ಮಾಡುವವಳು, ಆ ಕೆಲಸದಲ್ಲಿ ಎತ್ತಿದ ಕೈ. ಆದರೆ ಜನ್ಮದಲ್ಲಿ ಗಾಳ ಮುಟ್ಟಿದವಳಲ್ಲ, ರೀಲಿನ ವಿಷಯ ಅವಳಿಗೇನು ತಿಳಿಯಬೇಕು. ದಾರಿಯುದ್ದಕ್ಕೂ ಅವನೇ ಪಾಠ ಹೇಳಿಕೊಂಡು ಬಂದ. ಅವಳು ಹೂಂಗುಟ್ಟುತ್ತ ಬಂದಳು.

ಅಂಗಡಿಯ ಯಜಮಾನರು ವಯಸ್ಸಾದವರು, ಮಾತು ಕಡಿಮೆ, ತಾಳ್ಮೆ ಜಾಸ್ತಿ. ಮರದ ಮೀನನ್ನು ಕೈಗೆ ತೆಗೆದುಕೊಂಡು ಕೀಲು ಆಡಿಸಿದರು, ಬೆಳಕಿಗೆ ಹಿಡಿದರು, ಯಾರು ಕೆತ್ತಿದ್ದೆಂದು ಕೇಳಿದರು. ಎಡಗೈಯಲ್ಲಿ ಎಂದಾಗ ಇನ್ನೊಂದು ಸಲ ನೋಡಿದರು. ಆಮೇಲೆ ಗಾಜಿನ ಕಪಾಟಿನಿಂದ ಮೂರು ರೀಲು ತೆಗೆದು ಬಟ್ಟೆಯ ಮೇಲಿಟ್ಟರು. ಇಷ್ಟು ತೂಕ ಎಸೆಯಲು ದಪ್ಪ ದಾರ ಬೇಕು, ದಪ್ಪ ದಾರಕ್ಕೆ ಅಗಲದ ಸ್ಪೂಲು ಬೇಕು, ಮೈ ಲೋಹದ್ದೇ ಇರಬೇಕು, ಪ್ಲಾಸ್ಟಿಕ್ಕಾದರೆ ಎಳೆತಕ್ಕೆ ಬಾಗಿ ಒಳಗಿನ ಹಲ್ಲುಚಕ್ರ ಸವೆಯುತ್ತದೆ ಎಂದರು.

ಪೇಂಟರ ತಡಮಾಡದೆ ಕಪ್ಪಗೆ ಮಿರಮಿರ ಮಿಂಚುತ್ತಿದ್ದುದಕ್ಕೆ ಕೈ ಹಾಕಿದ. ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ಸ್ಪೂಲು ಎಂಟು ಸುತ್ತು. ಎಲ್ಲಕ್ಕಿಂತ ವೇಗದ್ದು, ಹಿಡಿ ಎಡಗಡೆ. ಅವನು ಬಲಗೈಯಲ್ಲಿ ಎಸೆದು ಎಡಗೈಯಲ್ಲಿ ಸುತ್ತುವವನು, ಕೈಗೆ ಹೇಳಿ ಮಾಡಿಸಿದ ಹಾಗಿತ್ತು. ಇದೇ ಇರಲಿ ಎಂದುಬಿಟ್ಟ.

ಅತ್ತಿಗೆ ಅದನ್ನು ಅವನ ಕೈಯಿಂದ ತೆಗೆದುಕೊಂಡು ಕಿವಿಯ ಹತ್ತಿರ ಹಿಡಿದು ತಿರುಗಿಸಿದಳು. ಯಂತ್ರ ನೋಡುವಾಗ ಹೀಗೇ, ಮೊದಲು ಕಿವಿ, ಆಮೇಲೆ ಕಣ್ಣು. ನಂತರ ಯಜಮಾನರ ಅನುಮತಿ ಕೇಳಿ, ಮರದ ಮೀನಿನ ಜೊತೆಗೆ ತನ್ನ ಇಕ್ಕಳ, ಸ್ಕ್ರೂಡ್ರೈವರು, ಸುತ್ತಿಗೆ ಎಲ್ಲವನ್ನೂ ಕ್ಯಾನ್ವಾಸ್ ಚೀಲಕ್ಕೆ ತುಂಬಿ, ಚೀಲವನ್ನು ದಾರದ ತುದಿಗೆ ಕಟ್ಟಿ ಅಂಗಡಿಯ ಆ ತುದಿಯಲ್ಲಿ ಇರಿಸಿದಳು. ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿ ರೀಲು ಸುತ್ತತೊಡಗಿದಳು. ಚೀಲ ತಡೆದು ತಡೆದು ನೆಲದ ಮೇಲೆ ತೆವಳಿತು. ಎರಡನೆಯ ರೀಲಿನದೂ ಅದೇ ಪಾಡು. ಗಾಳ ಕೊಳ್ಳಲು ಬಂದಿದ್ದ ಇನ್ನಿಬ್ಬರು ತಮ್ಮ ಕೆಲಸ ಬಿಟ್ಟು ಬಾಯಿ ತೆರೆದು ನಿಂತರು. ಪೇಂಟರನಿಗೆ ನಾಚಿಕೆಯಾಗಿ ಕಪಾಟಿನ ಕಡೆ ಮುಖ ತಿರುಗಿಸಿದ.

ಮೂರನೆಯದು ನೋಡಲು ದಡೂತಿ, ಬೂದು ಬಣ್ಣ, ಅಂದವೆಂಬುದು ಏನೂ ಇಲ್ಲ. ಹಿಡಿ ಒಂದು ಸುತ್ತು ತಿರುಗಿದರೆ ಸ್ಪೂಲು ಐದೇ ಸುತ್ತು. ಆದರೆ ಹಿಡಿ ಉದ್ದ, ಅದರ ತುದಿಯಲ್ಲಿ ಬೆರಳಿಗೆ ಸಿಗುವ ಗುಬುಟು ನೆಲ್ಲಿಕಾಯಿಗಿಂತ ದಪ್ಪ. ಅತ್ತಿಗೆ ಎರಡೇ ಬೆರಳಲ್ಲಿ ತಿರುಗಿಸಿದಳು, ಚೀಲ ಎಲ್ಲೂ ನಿಲ್ಲದೆ ಸರಾಗವಾಗಿ ಅವಳ ಕಾಲಬುಡಕ್ಕೆ ಬಂತು. ಅವಳು ಕಣ್ಣು ತೆರೆದಳು. ಇದರಲ್ಲೇ ಬಲಗಡೆ ಹಿಡಿ ಇರುವುದು ಸಿಗುತ್ತದೆಯೇ ಎಂದು ಕೇಳಿದಳು.

ಪೇಂಟರನಿಗೆ ಇನ್ನು ತಡೆಯಲಾಗಲಿಲ್ಲ. "ಅತ್ತಿಗೆ, ನಿಧಾನದ್ದಾದ್ರೂ ಇರ್ಲಿ ಬಿಡಿ. ಆದ್ರೆ ಬಲಗಡೆ ಹಿಡಿ ನನಗೆ ಒಗ್ಗಲ್ಲ. ಒಂದು ಸಲಾನೂ ನೆಟ್ಟಗೆ ಎಸಿಯೋಕಾಗಲ್ಲ."

"ನಿನಗೆ ಅಂತ ಯಾರು ತಗೋತಿದಾರೆ?" ಎಂದಳು ಅತ್ತಿಗೆ.

ಅವಳು ದನಿ ಏರಿಸದೆ, ರೀಲಿನ ಮೇಲೆ ಕಣ್ಣಿಟ್ಟುಕೊಂಡೇ ಹೇಳಿದಳು. ಏಳು ತಿಂಗಳಿಂದ ಅವಳು ರಿಪೇರಿ ಮಾಡಿದ ಒಂದೊಂದು ಯಂತ್ರದ ಕೈಚಕ್ರವನ್ನೂ ತಿರುಗಿಸುತ್ತಿದ್ದವನು ಅಣ್ಣನೇ. ನನ್ನ ಕೈ ತುಂಬ ಎಣ್ಣೆ, ಸ್ವಲ್ಪ ತಿರುಗಿಸಿ, ಸೂಜಿ ಇಳಿಯುವುದನ್ನು ನಾನು ನೋಡಬೇಕು ಎಂದು ಅವಳು ಕೂಗುತ್ತಿದ್ದಳು. ಹೆಂಡತಿಗೆ ಉಪಕಾರ ಮಾಡುತ್ತಿದ್ದೇನೆಂದು ಅವನು ಬಂದು ಕೂರುತ್ತಿದ್ದ. ಹೊಲಿಗೆ ಯಂತ್ರದ ಚಕ್ರ ಇರುವುದು ಬಲಗಡೆ. ಮೊದಲು ಖಾಲಿ ಸೂಜಿ, ಆಮೇಲೆ ತೆಳುಬಟ್ಟೆ, ಆಮೇಲೆ ಒಂದು ಪದರ ಕ್ಯಾನ್ವಾಸ್. ಹೋದ ವಾರ ಎರಡು ಪದರಕ್ಕೆ ಬಂದಿದ್ದ.

"ಎರಡು ಪದರ ದಾಟಿಸ್ತಾರೆ, ಮೂರಕ್ಕೆ ಆಗಲ್ಲ. ಆ ಭಾರ ನನ್ನ ಬೆರಳಿಗೆ ಗೊತ್ತು. ಈ ರೀಲು ಎರಡಕ್ಕಿಂತ ಹಗುರ ಇದೆ. ಎಡಗೈಲಿ ಎಸೀತಾರೆ, ಎಡಗೈಲೇ ಕೋಲು ಹಿಡ್ಕೊಂಡಿರ್ತಾರೆ, ಬಲಗೈ ಬರೀ ತಿರುಗಿಸಿದ್ರೆ ಸಾಕು. ನಿಮ್ಮಣ್ಣ ಮೀನು ಕೆತ್ತಿದ್ದು ಕೂತು ನೋಡೋಕಾ?"

ಪೇಂಟರ ಪೆಚ್ಚಾದ. ಇಷ್ಟು ದಿನ ಅಣ್ಣನ ಕೈಯಿಂದ ಚೀಲ ಕಸಿದುಕೊಂಡಿದ್ದ, ಗುಂಡಿ ಹಾಕಿಕೊಟ್ಟಿದ್ದ, ಊಟದ ತಟ್ಟೆ ಎತ್ತಿಟ್ಟಿದ್ದ, ಈಗ ಅಣ್ಣನ ಮೀನನ್ನೂ ತಾನೇ ಎಸೆಯಲು ಹೊರಟಿದ್ದ. ಅದನ್ನೆಲ್ಲ ಸೇವೆ ಎಂದುಕೊಂಡಿದ್ದ. ಇವಳು ಎದುರಿಗೇ ಕೂತು, ಯಾರಿಗೂ ಸುಳಿವು ಕೊಡದೆ, ಒಂದು ಕೈಯನ್ನು ಎಳೆಎಳೆಯಾಗಿ ಹಿಂದಕ್ಕೆ ತಂದಿದ್ದಳು. ಎಂಥ ಹೆಂಗಸಪ್ಪಾ ಇವಳು ಎಂದು ಅವನಿಗೆ ಅಲ್ಲೇ ಕಾಲು ಮುಟ್ಟಬೇಕೆನಿಸಿತು. ಯಜಮಾನರು ಒಳಗೆ ಹೋಗಿ, ಬಲಗಡೆ ಹಿಡಿಯ ರೀಲು ತಂದು, ದಪ್ಪ ದಾರ ಸುತ್ತಿ, ಹೊಸ ಕೈಗೆ ಸ್ಪೂಲು ಹುಚ್ಚೆದ್ದು ತಿರುಗದಂತೆ ಬ್ರೇಕು ಬಿಗಿ ಮಾಡಿ ಕೊಟ್ಟರು.

ರಜೆಯ ದಿನ ಬೆಳಿಗ್ಗೆ ಮೂವರೂ ಕೆರೆಗೆ ಹೋದರು. ಅಣ್ಣ ಮಡಚುವ ಕುರ್ಚಿಯ ಮೇಲೆ ಕೂತು, ಎಸೆಯಪ್ಪಾ ಎಂದ. ಪೇಂಟರ ಕೋಲನ್ನು ತಂದು ಅವನ ಮುಂದೆ ಚಾಚಿದ.

"ನನ್ನ ಕೈಲಿ ಆಗಲ್ಲಣ್ಣ. ಹಿಡಿ ಬಲಗಡೆ ಇದೆ ನೋಡು."

ಅಣ್ಣ ರೀಲನ್ನು ನೋಡಿದ. ಹಿಡಿಯನ್ನು ನೋಡಿದ. ಆಮೇಲೆ ಹೆಂಡತಿಯನ್ನು ನೋಡಿದ. ಅವಳು ದೂರದ ದಡದಲ್ಲಿ ಏನೋ ಇದೆ ಎಂಬಂತೆ ಆ ಕಡೆ ಮುಖ ಮಾಡಿ ನಿಂತಿದ್ದಳು. ಅಣ್ಣ ಯಾರ ಕೈಯನ್ನೂ ಹಿಡಿಯದೆ ನಿಧಾನವಾಗಿ ಎದ್ದು ಕೋಲು ತೆಗೆದುಕೊಂಡ.

ಮೊದಲ ಸಲ ಎಸೆದದ್ದು ಹತ್ತು ಅಡಿ ಹೋಗಿ ಧೊಪ್ಪನೆ ಬಿತ್ತು. ಎರಡನೆಯ ಸಲ ದಾರ ಸಿಕ್ಕಾಯಿತು, ಪೇಂಟರನ ಜೀವ ಬಾಯಿಗೆ ಬಂತು, ಆದರೆ ಬ್ರೇಕು ಬಿಗಿ ಇದ್ದುದರಿಂದ ದಾರ ಕಡಿಯಲಿಲ್ಲ. ಅತ್ತಿಗೆ ಕೂತು ಸಿಕ್ಕು ಬಿಡಿಸಿಕೊಟ್ಟಳು. ಮೂರನೆಯ ಸಲ ಅಣ್ಣ ಕೋಲಿನ ಬುಡಕ್ಕೆ ಬಲಗೈ ಆನಿಸಿ, ಎಡ ಹೆಬ್ಬೆರಳನ್ನು ಸ್ಪೂಲಿನ ಮೇಲೆ ಹಗುರವಾಗಿ ಇಟ್ಟು ಬೀಸಿದ. ಮರದ ಮೀನು ಹಾರಿತು. ರೀಲು ಒಂದೇ ಸಮನೆ ಗುಂಯ್‌ಗುಟ್ಟಿತು, ಮೀನು ನೀರು ಮುಟ್ಟುವ ಹೊತ್ತಿಗೆ ಸರಿಯಾಗಿ ಹೆಬ್ಬೆರಳು ಒತ್ತಿತು, ಸಿಕ್ಕೂ ಇಲ್ಲ ಗೊಂದಲವೂ ಇಲ್ಲ. ಆ ಬೂದು ರೀಲಿನಷ್ಟು ಚೆಂದದ ವಸ್ತುವನ್ನು ತಾನು ಕಂಡೇ ಇಲ್ಲವೆಂದು ಪೇಂಟರನಿಗೆ ಅನ್ನಿಸಿತು.

ಬಲಗೈ ಹಿಡಿಗೆ ಬಂದು ತಿರುಗಿಸತೊಡಗಿತು. ನಿಧಾನ, ಬಲು ನಿಧಾನ. ನಿಧಾನವೇ ಒಳ್ಳೆಯದಾಯಿತು, ನೀರಿನೊಳಗೆ ಮೀನು ಸೋಮಾರಿಯಾಗಿ ಬಾಲ ಬಳುಕಿಸುತ್ತ ಬಂತು. ಎಂಟನೆಯ ಸಲವೋ ಒಂಬತ್ತನೆಯ ಸಲವೋ, ಅದರ ಹಿಂದೆ ನೀರು ಉಬ್ಬಿತು. ಕೋಲು ಬಾಗಿ ನಿಂತಿತು, ಹಿಡಿ ಅಲ್ಲಾಡಲಿಲ್ಲ. ಅಣ್ಣ ಹಲ್ಲು ಕಚ್ಚಿ ಹಿಡಿಯ ಮೇಲೆ ಭಾರ ಬಿಟ್ಟ. ಪೇಂಟರ ತಡೆಯಲಾರದೆ ಮುಂದಕ್ಕೆ ನುಗ್ಗಿದ. ಹಿಂದಿನಿಂದ ಅತ್ತಿಗೆ ಅವನ ಶರಟು ಹಿಡಿದು ಜಗ್ಗಿದಳು.

"ಎರಡೇ ಪದರ," ಎಂದಳು ಮೆಲ್ಲಗೆ. ಅವನಿಗೋ, ಗಂಡನಿಗೋ, ತನಗೇ ಹೇಳಿಕೊಂಡಳೋ ತಿಳಿಯದು.

ಅವಳ ಮುಷ್ಟಿ ಪೇಂಟರನ ಶರಟನ್ನು ಬಿಡಲಿಲ್ಲ. ಅವನು ನಿಂತ. ಹಿಡಿ ಅರ್ಧ ಸುತ್ತು ತಿರುಗಿತು. ನಿಂತಿತು. ಇನ್ನೊಂದು ಸುತ್ತು. ಮೀನು ದಾರ ಎಳೆದುಕೊಂಡು ಹೋಯಿತು, ಅಣ್ಣ ಬಿಟ್ಟ, ಮತ್ತೆ ಸುತ್ತಿದ. ಹಸಿರು ಬೆನ್ನಿನ, ಮೊಳದುದ್ದದ ಬಾಸ್ ಮೀನು ದಡದ ಹತ್ತಿರ ಬಾಯಿ ತೆರೆದು ಮೇಲೆದ್ದಿತು. ಪೇಂಟರ ಅದನ್ನು ನೋಡಲಿಲ್ಲ. ಹಿಡಿ ತಿರುಗಿಸುತ್ತಿದ್ದ ಆ ಕೈಯನ್ನೇ ನೋಡುತ್ತ, ಕಣ್ಣಲ್ಲಿ ನೀರು ತುಂಬಿಕೊಂಡು ಕಂಬದ ಹಾಗೆ ನಿಂತಿದ್ದ.

"ಲೋ ಮಂಕ, ಏನ್ ನೋಡ್ತಾ ನಿಂತಿದೀಯೋ? ಬಲೆ ಯಾರು ನಿಮ್ಮ ತಾತ ತರ್ತಾನಾ?"

ಪೇಂಟರ ಬಲೆ ಎತ್ತಿಕೊಂಡು, ಶೂ ಬಿಚ್ಚುವುದನ್ನೂ ಮರೆತು, ಮೊಣಕಾಲುದ್ದದ ನೀರಿಗೆ ಇಳಿದ. ದಂಡೆಯ ಮೇಲಿಂದ ಅಣ್ಣ ಇನ್ನೂ ಬೈಯುತ್ತಲೇ ಇದ್ದ.